ಯುದ್ಧ ಮುಗಿದ ದೇಶಕ್ಕೊಂದು ಬಡತನ ಇಳಿಕೆಯ ಕಾರ್ಯತಂತ್ರ: ಸಿಯೆರಾ ಲಿಯೋನ್ ಅನುಭವ ಆಧರಿಸಿದ ಮಾರ್ಗದರ್ಶಿ

ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿ 1991ರ ಮಾರ್ಚ್‌ನಲ್ಲಿ ಹೊತ್ತಿಕೊಂಡ ಅಂತರ್ಯುದ್ಧ ಮುಗಿಯಿತೆಂದು ಸರ್ಕಾರ ಘೋಷಿಸಿದ್ದು 2002ರ ಜನವರಿಯಲ್ಲಿ. ಅಷ್ಟರಲ್ಲಿ ಹತ್ತಾರು ಸಾವಿರ ಜನ ಸತ್ತಿದ್ದರು, 20 ಲಕ್ಷಕ್ಕೂ ಹೆಚ್ಚು ಜನ ಊರು ಬಿಟ್ಟಿದ್ದರು, ಶಾಲೆ, ಆಸ್ಪತ್ರೆ, ನ್ಯಾಯಾಲಯಗಳ ಕಟ್ಟಡಗಳು ಸುಟ್ಟುಹೋಗಿದ್ದವು. ಇಂಥ ಸ್ಥಿತಿಯಲ್ಲಿ ಸರ್ಕಾರವೊಂದು ಇಡೀ ದೇಶದ ಬಡತನವನ್ನು ಇಳಿಸುವ ಯೋಜನೆಯನ್ನು ಹೇಗೆ ಬರೆಯಬೇಕು, ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಮುಂದಕ್ಕೆ ಹಾಕಬೇಕು ಎಂಬುದೇ ಈ ಲೇಖನದ ವಿಷಯ. ಅಭಿವೃದ್ಧಿ ಅಧ್ಯಯನದ ವಿದ್ಯಾರ್ಥಿಗಳನ್ನೂ, ಅಂತರರಾಷ್ಟ್ರೀಯ ಸಂಸ್ಥೆಗಳಲ್ಲಿ ಅಥವಾ ಸ್ವಯಂಸೇವಾ ಸಂಘಟನೆಗಳಲ್ಲಿ ಕೆಲಸ ಮಾಡುವ, ಮಾಡಬಯಸುವ ಕನ್ನಡಿಗರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಮೊದಲಿಗೆ ಸ್ವಲ್ಪ ಹಿನ್ನೆಲೆ ಬೇಕು. ವಿಶ್ವ ಬ್ಯಾಂಕ್ ಮತ್ತು ಅಂತರರಾಷ್ಟ್ರೀಯ ಹಣಕಾಸು ನಿಧಿ 1999ರಲ್ಲಿ ಒಂದು ನಿಯಮ ತಂದವು. ಸಾಲದ ಹೊರೆಯಿಂದ ಬಳಲುತ್ತಿರುವ ಬಡ ದೇಶಕ್ಕೆ ಸಾಲಮನ್ನಾ ಅಥವಾ ರಿಯಾಯಿತಿ ಸಾಲ ಸಿಗಬೇಕಾದರೆ, ಆ ದೇಶವೇ ತನ್ನ ಜನರೊಡನೆ ಚರ್ಚಿಸಿ ಬಡತನ ಇಳಿಕೆಯ ಕಾರ್ಯತಂತ್ರ ಪತ್ರವೊಂದನ್ನು ಸಿದ್ಧಪಡಿಸಬೇಕು ಎಂಬುದು ಅದರ ಸಾರವಾಗಿತ್ತು. ಉದ್ದೇಶ ಒಳ್ಳೆಯದೇ. ಆದರೆ ಸಾಲ ಮನ್ನಾ ಮಾಡುವವರು ಓದಲೆಂದೇ ಪತ್ರ ಬರೆಯುವ ಅಭ್ಯಾಸಕ್ಕೂ ಅದು ದಾರಿ ಮಾಡಿತು. ಯುದ್ಧ ಕಂಡ ದೇಶದಲ್ಲಿ ಈ ಅಭ್ಯಾಸ ಅಪಾಯಕಾರಿ, ಏಕೆಂದರೆ ಅಲ್ಲಿ ಜನರನ್ನು ಬಡತನಕ್ಕೆ ದೂಡಿದ ಕಾರಣಗಳೇ ಬಹುಮಟ್ಟಿಗೆ ಯುದ್ಧಕ್ಕೂ ಕಾರಣವಾಗಿರುತ್ತವೆ. ಆದ್ದರಿಂದ ಕಾರ್ಯತಂತ್ರದ ಪ್ರತಿಯೊಂದು ತೀರ್ಮಾನವನ್ನೂ ಎರಡು ಸಲ ಒರೆಗೆ ಹಚ್ಚಬೇಕು: ಇದರಿಂದ ಬಡತನ ಇಳಿಯುತ್ತದೆಯೇ, ಹಾಗೂ ಇದರಿಂದ ಹಳೆಯ ಬಿರುಕು ಮುಚ್ಚುತ್ತದೆಯೇ ಅಥವಾ ಅಗಲವಾಗುತ್ತದೆಯೇ? ಕೆಳಗಿನ ಹಂತಗಳೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ ಇವೆ.

ಹಂತ 1: ಮೊದಲು ಚಿಕ್ಕದಾದ ಮಧ್ಯಂತರ ಕಾರ್ಯತಂತ್ರ ಬರೆಯಿರಿ

ಯುದ್ಧ ನಿಂತ ಮರುವರ್ಷವೇ ಪೂರ್ಣ ಪ್ರಮಾಣದ ಐದು ವರ್ಷಗಳ ಯೋಜನೆ ಬರೆಯಲು ಕೂರಬೇಡಿ. ಅಂಕಿಅಂಶಗಳಿಲ್ಲ, ಜಿಲ್ಲೆಗಳಲ್ಲಿ ಅಧಿಕಾರಿಗಳಿಲ್ಲ, ಜನ ಇನ್ನೂ ಶಿಬಿರಗಳಲ್ಲಿದ್ದಾರೆ. ಸಿಯೆರಾ ಲಿಯೋನ್ 2001ರಲ್ಲಿ, ಅಂದರೆ ನಿಶ್ಶಸ್ತ್ರೀಕರಣ ಇನ್ನೂ ನಡೆಯುತ್ತಿದ್ದಾಗಲೇ, ಮಧ್ಯಂತರ ಪತ್ರವೊಂದನ್ನು ಸಿದ್ಧಪಡಿಸಿತು. ಪೂರ್ಣ ಪತ್ರ ಬಂದದ್ದು 2005ರಲ್ಲಿ. ನೆರೆಯ ಲೈಬೀರಿಯಾದಲ್ಲಿ 2006ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡ ಎಲೆನ್ ಜಾನ್ಸನ್ ಸರ್ಲೀಫ್ ಅವರ ಸರ್ಕಾರ ಮೊದಲು 150 ದಿನಗಳ ಕಾರ್ಯಕ್ರಮವನ್ನೂ, ಆಮೇಲೆ ಮಧ್ಯಂತರ ಕಾರ್ಯತಂತ್ರವನ್ನೂ, ಕೊನೆಗೆ 2008ರಿಂದ 2011ರವರೆಗಿನ ಪೂರ್ಣ ಕಾರ್ಯತಂತ್ರವನ್ನೂ ರೂಪಿಸಿತು. ಈ ಕ್ರಮವೇ ಸರಿಯೆಂದು ನನಗೆ ತೋರುತ್ತದೆ.

ಮಧ್ಯಂತರ ಪತ್ರದಲ್ಲಿ ಮೂರು ಸಂಗತಿಗಳಿದ್ದರೆ ಸಾಕು. ಮುಂದಿನ ಹದಿನೆಂಟು ತಿಂಗಳು, ಎರಡು ವರ್ಷದೊಳಗೆ ಜನರ ಕಣ್ಣಿಗೆ ಕಾಣುವಂತೆ ಮಾಡಬಹುದಾದ ಕೆಲಸಗಳು. ಸರ್ಕಾರಕ್ಕೆ ಗೊತ್ತಿಲ್ಲದ ವಿಷಯಗಳ ಪ್ರಾಮಾಣಿಕ ಪಟ್ಟಿ. ಆ ಮಾಹಿತಿಯನ್ನು ಕಲೆಹಾಕುವ ವೇಳಾಪಟ್ಟಿ. ಎರಡನೆಯದನ್ನು ಬರೆಯಲು ಸರ್ಕಾರಗಳು ಹಿಂಜರಿಯುತ್ತವೆ, ಆದರೆ ಮುಂದಿನ ಕೆಲಸಕ್ಕೆಲ್ಲ ಅದೇ ತಳಹದಿ. ಇನ್ನೊಂದು ಮಾತು: ಹೊರಗಿನ ನೆರವನ್ನು ದೇಶ ಚೆನ್ನಾಗಿ ಬಳಸಿಕೊಳ್ಳಬಲ್ಲ ಕಾಲ ಶಾಂತಿಯ ಮೊದಲ ಎರಡು ಮೂರು ವರ್ಷಗಳಲ್ಲ, ಅದರ ನಂತರದ ಕೆಲವು ವರ್ಷಗಳು ಎಂದು ಅರ್ಥಶಾಸ್ತ್ರಜ್ಞರಾದ ಪಾಲ್ ಕೊಲಿಯರ್ ಮತ್ತು ಆಂಕೆ ಹೋಫ್ಲರ್ ತೋರಿಸಿದ್ದಾರೆ. ದಾನಿ ರಾಷ್ಟ್ರಗಳ ಗಮನವಾದರೋ ಆ ಹೊತ್ತಿಗೆ ಮತ್ತೊಂದು ದೇಶದ ಕಡೆ ಹೊರಳಿರುತ್ತದೆ. ಹಾಗಾಗಿ ಮಧ್ಯಂತರ ಹಂತದಲ್ಲೇ, ನಾಲ್ಕನೆಯ ವರ್ಷದ ನಂತರವೂ ಹಣ ಬರುವಂತೆ ಮಾತುಕತೆ ನಡೆಸಿಟ್ಟುಕೊಳ್ಳಬೇಕು.

ಹಂತ 2: ಯುದ್ಧ ಏಕೆ ಆಯಿತೆಂದು ಬರೆಯಿರಿ, ಅದನ್ನು ಮೊದಲ ಅಧ್ಯಾಯವಾಗಿಸಿ

ಸಿಯೆರಾ ಲಿಯೋನ್‌ನ ಯುದ್ಧವನ್ನು ಹೊರಗಿನವರು ವಜ್ರಗಳ ಯುದ್ಧವೆಂದು ಕರೆದರು. ವಜ್ರಗಳು ಬಂಡುಕೋರರಿಗೆ ಹಣ ಒದಗಿಸಿದ್ದು ನಿಜ. ಆದರೆ ದೇಶದ ಸತ್ಯ ಮತ್ತು ಸಾಮರಸ್ಯ ಆಯೋಗ 2004ರಲ್ಲಿ ಕೊಟ್ಟ ವರದಿ ಇನ್ನೂ ಆಳಕ್ಕೆ ಹೋಗಿ ದಶಕಗಳ ದುರಾಡಳಿತ, ಭ್ರಷ್ಟಾಚಾರ, ಸ್ವಜನಪಕ್ಷಪಾತಗಳನ್ನೇ ಮೂಲ ಕಾರಣವೆಂದು ಹೇಳಿತು. ಎಲ್ಲ ಅಧಿಕಾರವೂ ರಾಜಧಾನಿ ಫ್ರೀಟೌನ್‌ನಲ್ಲಿ ಕೇಂದ್ರೀಕೃತವಾಗಿತ್ತು. ಚುನಾಯಿತ ಸ್ಥಳೀಯ ಮಂಡಳಿಗಳನ್ನು 1972ರಲ್ಲೇ ರದ್ದುಪಡಿಸಲಾಗಿತ್ತು. ಹಳ್ಳಿಗಳಲ್ಲಿ ಚೀಫ್‌ಗಳೆಂಬ ಸಾಂಪ್ರದಾಯಿಕ ಮುಖ್ಯಸ್ಥರು ಭೂಮಿ, ದಂಡ, ನ್ಯಾಯತೀರ್ಮಾನಗಳನ್ನೆಲ್ಲ ಕೈಯಲ್ಲಿಟ್ಟುಕೊಂಡು, ದಂಡ ಕಟ್ಟಲಾಗದ ಯುವಕರು ಊರು ಬಿಟ್ಟು ಓಡುವಂತೆ ಮಾಡಿದ್ದರು. ಬಂದೂಕು ಹಿಡಿದವರಲ್ಲಿ ಎಷ್ಟೋ ಮಂದಿಯನ್ನು ಬಂಡುಕೋರರು ಮಕ್ಕಳಾಗಿದ್ದಾಗಲೇ ಅಪಹರಿಸಿದ್ದರು. ಮನಸ್ಸಿನಿಂದಲೇ ಸೇರಿದವರೂ ಇದ್ದರು, ಅವರಲ್ಲಿ ಹೆಚ್ಚಿನವರ ದೂರು ಇದೇ ಆಗಿತ್ತು.

ಈ ಅಧ್ಯಾಯ ಬರೆಯುವಾಗ ಸಾಮಾನ್ಯ ಮಾತುಗಳಿಗೆ ತೃಪ್ತರಾಗಬೇಡಿ. ‘ಯುವಜನರ ನಿರ್ಲಕ್ಷ್ಯ’ ಎಂದು ಬರೆದರೆ ಯಾವ ಇಲಾಖೆಗೂ ಅದರಿಂದ ಕೆಲಸ ಹುಟ್ಟುವುದಿಲ್ಲ. ‘ಮದುವೆಯಾಗದ, ಭೂಮಿಯಿಲ್ಲದ ಯುವಕನಿಗೆ ಊರಿನ ಭೂಮಿಯನ್ನು ಉಳಲು ಚೀಫ್ ಅನುಮತಿ ಬೇಕು, ಆ ಅನುಮತಿಗೆ ಲಿಖಿತ ನಿಯಮವಿಲ್ಲ’ ಎಂದು ಬರೆದರೆ ಯಾವ ಕಾನೂನು ಬದಲಾಗಬೇಕೆಂಬುದು ತಾನಾಗಿ ಕಾಣುತ್ತದೆ. ಹಣ ಬೇಡದ ಸುಧಾರಣೆಗಳೂ ಇಂಥ ವಿವರಗಳಿಂದಲೇ ಹೊರಬರುತ್ತವೆ. ಯುದ್ಧದಲ್ಲಿ ವಿಧವೆಯರಾದವರು ಗಂಡನ ಆಸ್ತಿಯ ಮೇಲೆ ಹಕ್ಕಿಲ್ಲದೆ ಬೀದಿಗೆ ಬಿದ್ದದ್ದನ್ನು ಕಂಡು, ಸಿಯೆರಾ ಲಿಯೋನ್ ಸಂಸತ್ತು 2007ರಲ್ಲಿ ಉತ್ತರಾಧಿಕಾರ, ಸಾಂಪ್ರದಾಯಿಕ ವಿವಾಹದ ನೋಂದಣಿ ಮತ್ತು ಕೌಟುಂಬಿಕ ದೌರ್ಜನ್ಯಕ್ಕೆ ಸಂಬಂಧಿಸಿದ ಮೂರು ಕಾಯ್ದೆಗಳನ್ನು ಮಾಡಿತು. ಕುಟುಂಬದ ಸಾಮೂಹಿಕ ಭೂಮಿ ಅವುಗಳ ವ್ಯಾಪ್ತಿಗೆ ಬರಲಿಲ್ಲವೆಂಬ ಕೊರತೆ ಇದ್ದರೂ, ಇವು ಬಡತನ ಇಳಿಕೆಯ ಕ್ರಮಗಳೇ. ಇದೇ ಹೆಜ್ಜೆಯನ್ನು ಐದು ವರ್ಷ ಮುಂಚೆ ಇಡಬಹುದಿತ್ತು.

ಹಂತ 3: ಜನರನ್ನು ಎಣಿಸಿ, ಬಡತನದ ನಕ್ಷೆ ಬಿಡಿಸಿ

ಸಿಯೆರಾ ಲಿಯೋನ್ 2003–04ರಲ್ಲಿ ಕುಟುಂಬಗಳ ಸಮಗ್ರ ಸಮೀಕ್ಷೆ ನಡೆಸಿತು, 2004ರ ಡಿಸೆಂಬರ್‌ನಲ್ಲಿ ಜನಗಣತಿಯನ್ನೂ ಮಾಡಿತು. ಸಮೀಕ್ಷೆಯ ಪ್ರಕಾರ ಶೇ 70ರಷ್ಟು ಜನ ಬಡತನ ರೇಖೆಯ ಕೆಳಗಿದ್ದರು. ಶೇ 26ರಷ್ಟು ಜನರಿಗೆ ಹೊಟ್ಟೆ ತುಂಬ ಊಟಕ್ಕೂ ಆದಾಯ ಸಾಲುತ್ತಿರಲಿಲ್ಲ. ಸರಾಸರಿಗಿಂತ ಹೆಚ್ಚು ಕಣ್ಣು ತೆರೆಸಿದ್ದು ಜಿಲ್ಲಾವಾರು ಅಂತರ. ಫ್ರೀಟೌನ್ ನಗರದಲ್ಲಿ ಬಡವರ ಪ್ರಮಾಣ ಸುಮಾರು ಶೇ 15 ಇದ್ದರೆ, ಪೂರ್ವದ ಗಡಿ ಜಿಲ್ಲೆ ಕೈಲಾಹುನ್‌ನಲ್ಲಿ ಅದು ಶೇ 90ನ್ನು ದಾಟಿತ್ತು. 1991ರಲ್ಲಿ ಬಂಡುಕೋರರು ಲೈಬೀರಿಯಾದಿಂದ ಮೊದಲು ನುಗ್ಗಿದ್ದು ಇದೇ ಕೈಲಾಹುನ್‌ಗೆ. ಈ ಹೆಸರು ನಮ್ಮಲ್ಲಿ ಕೆಲವರಿಗೆ ನೆನಪಿರಬಹುದು: 2000ನೇ ಇಸವಿಯಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿದ್ದ ಭಾರತೀಯ ಸೈನಿಕರು ಎರಡು ತಿಂಗಳಿಗೂ ಹೆಚ್ಚು ಕಾಲ ಮುತ್ತಿಗೆಯಲ್ಲಿ ಸಿಲುಕಿದ್ದು, ಜುಲೈನಲ್ಲಿ ‘ಆಪರೇಷನ್ ಖುಕ್ರಿ’ ಮೂಲಕ ಹೊರಬಂದದ್ದು ಅಲ್ಲಿಂದಲೇ. ಬಡತನದ ನಕ್ಷೆಯನ್ನೂ ಯುದ್ಧದ ನಕ್ಷೆಯನ್ನೂ ಒಂದರ ಮೇಲೊಂದು ಇಟ್ಟು ನೋಡುವುದು ಈ ಹಂತದ ಅತ್ಯಂತ ಉಪಯುಕ್ತ ಕೆಲಸ.

ಸಮೀಕ್ಷೆ ನಡೆಸುವವರಿಗೆ ಕೆಲವು ಎಚ್ಚರಿಕೆಗಳು. ಸಮೀಕ್ಷೆ ಹನ್ನೆರಡು ತಿಂಗಳೂ ಹರಡಿಕೊಂಡಿರಲಿ. ಭತ್ತ ಬೆಳೆಯುವ ನಾಡಿನಲ್ಲಿ ಮಳೆಗಾಲದ ಹಸಿವಿನ ತಿಂಗಳುಗಳನ್ನು ಬಿಟ್ಟು, ಕೊಯ್ಲಿನ ನಂತರ ಮಾತ್ರ ಮನೆಮನೆಗೆ ಹೋದರೆ ಬಡತನ ಅರ್ಧ ಮರೆಯಾಗುತ್ತದೆ. ಶಿಬಿರಗಳಲ್ಲಿ, ಬಂಧುಗಳ ಮನೆಗಳಲ್ಲಿ, ಗಣಿಗಳ ಬಳಿಯ ಗುಡಿಸಲುಗಳಲ್ಲಿ ಇರುವವರು ಹಳೆಯ ಗಣತಿಯ ಮನೆಪಟ್ಟಿಯಲ್ಲಿ ಇರುವುದಿಲ್ಲ, ಆದ್ದರಿಂದ ಪಟ್ಟಿಯನ್ನು ಮೊದಲು ಹೊಸದಾಗಿ ಮಾಡಬೇಕು. ಮನೆಯ ಯಜಮಾನನ ಜೊತೆಗೆ ಬೇರೆ ಸದಸ್ಯರನ್ನೂ ಕೇಳಿ. ಸಂಬಂಧಿಕರ ಮನೆಯಲ್ಲಿರುವ ಅನಾಥ ಮಗುವಿನ ತಟ್ಟೆಯಲ್ಲಿ ಏನಿದೆ ಎಂಬುದು ಯಜಮಾನನ ಉತ್ತರದಲ್ಲಿ ಸಿಗುವುದಿಲ್ಲ. ಯಾರು ಯಾವ ಪಕ್ಷದ ಕಡೆ ಹೋರಾಡಿದರು, ಯಾವ ಜನಾಂಗದವರು ಎಂಬ ಪ್ರಶ್ನೆಗಳನ್ನು ಹಾಕುವ ಮುನ್ನ ಆ ಕಾಗದ ನಾಳೆ ಯಾರ ಕೈ ಸೇರಬಹುದೆಂದು ಯೋಚಿಸಿ. ರುವಾಂಡಾದಲ್ಲಿ 1994ರ ನರಮೇಧದ ಹಂತಕರು ದಾರಿ ತಡೆದು ನೋಡುತ್ತಿದ್ದದ್ದು ಗುರುತಿನ ಚೀಟಿಯಲ್ಲಿದ್ದ ಜನಾಂಗದ ಹೆಸರನ್ನೇ.

ಹಂತ 4: ಕೇಳಿಸಿಕೊಳ್ಳಿ, ಕೇಳಿಸಿಕೊಂಡದ್ದನ್ನು ಹಿಂತಿರುಗಿ ಹೋಗಿ ಓದಿ ಹೇಳಿ

ಜನರೊಡನೆ ಸಮಾಲೋಚನೆ ಎಂದೊಡನೆ ದೊಡ್ಡ ಸಭಾಂಗಣ, ಧ್ವನಿವರ್ಧಕ, ಊಟದ ವ್ಯವಸ್ಥೆಗಳ ಚಿತ್ರ ಮೂಡುತ್ತದೆ. ನಮ್ಮ ಗ್ರಾಮಸಭೆಗಳನ್ನು ಕಂಡವರಿಗೆ ಅಲ್ಲಿ ಮೊದಲು ಯಾರು ಮಾತಾಡುತ್ತಾರೆ, ಹಿಂದಿನ ಸಾಲಿನಲ್ಲಿ ಯಾರು ಸುಮ್ಮನೆ ಕೂತಿರುತ್ತಾರೆ ಎಂಬುದನ್ನು ವಿವರಿಸಬೇಕಿಲ್ಲ. ಯುದ್ಧ ಮುಗಿದ ಊರಿನಲ್ಲಿ ಆ ಮೌನಕ್ಕೆ ಭಯವೂ ಸೇರಿರುತ್ತದೆ: ಮನೆ ಸುಟ್ಟವನು ಅದೇ ಸಭೆಯಲ್ಲಿ ಕೂತಿರಬಹುದು. ಆದ್ದರಿಂದ ಹೆಂಗಸರು, ಯುವಕರು, ಮಾಜಿ ಹೋರಾಟಗಾರರು, ಕೈಕಾಲು ಕಳೆದುಕೊಂಡವರು, ಶಿಬಿರದಿಂದ ಮರಳಿದವರು, ಹೀಗೆ ಬೇರೆ ಬೇರೆಯಾಗಿ ಕೂರಿಸಿ, ಅವರ ಭಾಷೆಯಲ್ಲೇ ಕೇಳಬೇಕು. ಸಿಯೆರಾ ಲಿಯೋನ್‌ನಲ್ಲಿ ಆಡಳಿತದ ಭಾಷೆ ಇಂಗ್ಲಿಷ್, ಆದರೆ ಜನರಾಡುವುದು ಕ್ರಿಯೋ, ಮೆಂಡೆ, ತೆಮ್ನೆ. ಇಂಗ್ಲಿಷಿನಲ್ಲಿ ನಡೆದ ಸಭೆಯಲ್ಲಿ ‘ಜನರ ಅಭಿಪ್ರಾಯ’ ಸಿಕ್ಕಿತೆಂದು ಬರೆದುಕೊಂಡರೆ ಅದು ಗುಮಾಸ್ತರ ಅಭಿಪ್ರಾಯವಷ್ಟೇ.

ಈ ವಿಷಯದಲ್ಲಿ ರುವಾಂಡಾದ ‘ಉಬುದೇಹೆ’ ಪದ್ಧತಿಯನ್ನು ಗಮನಿಸಬೇಕು. ಊರವರೇ ನೆಲದ ಮೇಲೆ ಊರಿನ ನಕ್ಷೆ ಬಿಡಿಸಿ, ಯಾವ ಮನೆ ಎಷ್ಟು ಬಡವಾಗಿದೆಯೆಂದು ತಾವೇ ವಿಂಗಡಿಸಿ, ಊರಿಗೆ ಮೊದಲು ಏನು ಬೇಕೆಂದು ತೀರ್ಮಾನಿಸುತ್ತಿದ್ದರು. ನೆರೆಯವರೇ ನೆರೆಯವರನ್ನು ಕೊಂದ ನೆಲದಲ್ಲಿ ಜನ ಮತ್ತೆ ಒಟ್ಟಿಗೆ ಕೂತು ಲೆಕ್ಕ ಹಾಕಿದ್ದೇ ದೊಡ್ಡ ಸಂಗತಿ. ಆದರೆ ಆ ವರ್ಗೀಕರಣವನ್ನು ಮುಂದೆ ಆರೋಗ್ಯ ವಿಮೆಯಂಥ ಸೌಲಭ್ಯಗಳಿಗೆ ಜೋಡಿಸಿದಾಗ, ಕೆಳಗಿನ ವರ್ಗದಲ್ಲೇ ಉಳಿಯುವ ಪೈಪೋಟಿ ಶುರುವಾಯಿತು. ಬಿಪಿಎಲ್ ಕಾರ್ಡಿನ ಅನುಭವವಿರುವ ನಮಗೆ ಇದು ಹೊಸದೇನಲ್ಲ. ಊರಿನ ಆದ್ಯತೆ ತಿಳಿಯುವ ಪಟ್ಟಿಯನ್ನೂ ಸೌಲಭ್ಯ ಹಂಚುವ ಪಟ್ಟಿಯನ್ನೂ ಬೇರೆಯಾಗಿಡುವುದು ಒಳ್ಳೆಯದು.

ಸಮಾಲೋಚನೆ ನಡೆಸಿದ ಮಾತ್ರಕ್ಕೆ ಶಾಂತಿ ಖಚಿತವಾಗುವುದಿಲ್ಲ ಎಂಬುದನ್ನು ಆಗ್ನೇಯ ಏಷ್ಯಾದ ತಿಮೋರ್ ಲೆಸ್ತೆ ತೋರಿಸಿಕೊಟ್ಟಿತು. 2002ರ ಅಲ್ಲಿನ ರಾಷ್ಟ್ರೀಯ ಅಭಿವೃದ್ಧಿ ಯೋಜನೆಗಾಗಿ ಸುಮಾರು 38,000 ಜನರ ಅಭಿಪ್ರಾಯ ಪಡೆಯಲಾಗಿತ್ತು. ಅಷ್ಟು ಚಿಕ್ಕ ದೇಶಕ್ಕೆ ಅದು ದೊಡ್ಡ ಸಂಖ್ಯೆ. ಆದರೂ 2006ರಲ್ಲಿ, ತಮ್ಮ ಪ್ರದೇಶದವರಿಗೆ ಸೇನೆಯಲ್ಲಿ ತಾರತಮ್ಯವಾಗುತ್ತಿದೆಯೆಂದು ದೂರಿದ ಸುಮಾರು 600 ಸೈನಿಕರನ್ನು ವಜಾ ಮಾಡಿದ್ದರಿಂದ ಹೊತ್ತಿಕೊಂಡ ಗಲಭೆ, ಅಲ್ಲಿನ ರಾಜಧಾನಿ ದಿಲಿಯ ನಿರುದ್ಯೋಗಿ ಯುವಕರ ನಡುವೆ ಹಬ್ಬಿ, ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮನೆ ಬಿಡಿಸಿತು. ಜನರ ಆಶಯ ಯೋಜನೆಯಲ್ಲಿ ದಾಖಲಾಗಿತ್ತು, ಅದು ಬಜೆಟ್ಟಿನವರೆಗೆ, ಕೆಲಸದವರೆಗೆ ತಲುಪಿರಲಿಲ್ಲ. ಹಾಗಾಗಿ ಕರಡು ಸಿದ್ಧವಾದ ಮೇಲೆ ಅದೇ ಊರುಗಳಿಗೆ ಮರಳಿ ಹೋಗಿ, ನೀವು ಹೇಳಿದ್ದರಲ್ಲಿ ಯಾವುದು ಸೇರಿದೆ, ಯಾವುದು ಸೇರಿಲ್ಲ, ಏಕೆ ಎಂದು ಹೇಳುವ ಸಭೆಗೂ ಮೊದಲೇ ದಿನ ಮತ್ತು ಹಣ ತೆಗೆದಿಡಿ.

ಹಂತ 5: ಕೆಲವೇ ಆದ್ಯತೆಗಳನ್ನು ಆರಿಸಿ

ಎಲ್ಲರನ್ನೂ ಕೇಳಿದ ಮೇಲೆ ಎಲ್ಲರ ಬೇಡಿಕೆಯನ್ನೂ ಸೇರಿಸುವ ಆಸೆ ಹುಟ್ಟುತ್ತದೆ, ಯೋಜನೆಗಳು ಹಾಳಾಗುವುದು ಇಲ್ಲಿಯೇ. ಸಿಯೆರಾ ಲಿಯೋನ್‌ನ 2005ರ ಪತ್ರ ಮೂರು ಸ್ತಂಭಗಳ ಮೇಲೆ ನಿಂತಿತ್ತು: ಒಂದು, ಸುಶಾಸನ, ಭದ್ರತೆ ಮತ್ತು ಶಾಂತಿ; ಎರಡು, ಆಹಾರ ಭದ್ರತೆ ಹಾಗೂ ಉದ್ಯೋಗ ಕೊಡುವ ಬೆಳವಣಿಗೆ; ಮೂರು, ಶಿಕ್ಷಣ, ಆರೋಗ್ಯಗಳಂಥ ಮಾನವ ಅಭಿವೃದ್ಧಿ. ಸ್ತಂಭಗಳು ಸರಿಯಾಗಿದ್ದವು, ಆದರೆ ಅವು ಎಷ್ಟು ಅಗಲವಾಗಿದ್ದವೆಂದರೆ ಯಾವ ಇಲಾಖೆಯ ಯಾವ ಕಾರ್ಯಕ್ರಮವನ್ನಾದರೂ ಅವುಗಳಡಿ ತೂರಿಸಬಹುದಿತ್ತು. 2008ರಲ್ಲಿ ಬಂದ ಎರಡನೆಯ ಕಾರ್ಯತಂತ್ರ ವಿದ್ಯುತ್, ಕೃಷಿ ಮತ್ತು ಮೀನುಗಾರಿಕೆ, ಸಾರಿಗೆ, ಮಾನವ ಅಭಿವೃದ್ಧಿ ಎಂದು ನಾಲ್ಕನ್ನು ಆರಿಸಿಕೊಂಡಿತು. ನನ್ನ ಮಟ್ಟಿಗೆ ಇದು ಹೆಚ್ಚು ಪ್ರಾಮಾಣಿಕವಾದ ಬರವಣಿಗೆ, ಏಕೆಂದರೆ ಬುಂಬುನಾ ಜಲವಿದ್ಯುತ್ ಸ್ಥಾವರ ಚಾಲೂ ಆಯಿತೇ ಇಲ್ಲವೇ ಎಂದು ಯಾರು ಬೇಕಾದರೂ ನೋಡಬಹುದಿತ್ತು. ಅದು 2009ರಲ್ಲಿ ಚಾಲೂ ಆಯಿತು.

ಭರವಸೆಯ ವಿಷಯದಲ್ಲಿ ಇನ್ನಷ್ಟು ಜಾಗ್ರತೆ ಬೇಕು. 2002ರಲ್ಲಿ ಅಧ್ಯಕ್ಷ ಅಹ್ಮದ್ ತೇಜನ್ ಕಬ್ಬಾ, 2007ರ ಹೊತ್ತಿಗೆ ದೇಶದಲ್ಲಿ ಯಾರೂ ಹಸಿದು ಮಲಗುವಂತಾಗಬಾರದು ಎಂದು ಮಾತು ಕೊಟ್ಟರು. ಆ ಮಾತು ಆಹಾರವನ್ನು ಆಡಳಿತದ ಕೇಂದ್ರಕ್ಕೆ ತಂದದ್ದು ಒಳ್ಳೆಯದೇ. ಆದರೆ 2007 ಬಂದಾಗಲೂ ಹಸಿವು ಇತ್ತು, ಅಕ್ಕಿಯ ಆಮದೂ ಇತ್ತು. ರಾಜ್ಯದ ಮಾತನ್ನು ನಂಬುವುದನ್ನೇ ಬಿಟ್ಟ ಜನರ ಮುಂದೆ, ಆಗುವುದೆಂದು ಗೊತ್ತಿರುವ ಚಿಕ್ಕ ಮಾತನ್ನು ಆಡಿ ನಡೆಸಿಕೊಡುವುದೇ ಮೇಲು: ಇಂಥ ವರ್ಷ ಇಷ್ಟು ಹೆಕ್ಟೇರ್ ಜೌಗು ಗದ್ದೆಗೆ ಬಿತ್ತನೆ ಬೀಜ, ಇಷ್ಟು ಕಿಲೋಮೀಟರ್ ಗ್ರಾಮೀಣ ರಸ್ತೆ.

ಹಂತ 6: ಹಣದ ಲೆಕ್ಕವನ್ನು ಕಾರ್ಯತಂತ್ರದ ಒಳಗೇ ಇಡಿ

ಕಾರ್ಯತಂತ್ರವನ್ನು ಯೋಜನಾ ಇಲಾಖೆ ಬರೆದು, ಬಜೆಟ್ಟನ್ನು ಹಣಕಾಸು ಇಲಾಖೆ ಬೇರೆಯೇ ಬರೆದರೆ ಮೊದಲನೆಯದು ಕಪಾಟು ಸೇರುತ್ತದೆ. ಮೂರು ವರ್ಷಗಳ ಮಧ್ಯಮಾವಧಿ ವೆಚ್ಚ ಚೌಕಟ್ಟು ಮಾಡಿ, ಪ್ರತಿ ಆದ್ಯತೆಗೂ ಬಜೆಟ್ ಶೀರ್ಷಿಕೆ ಕೊಡಿ. ಕಟ್ಟಡದ ವೆಚ್ಚದ ಪಕ್ಕದಲ್ಲೇ ಮುಂದಿನ ವರ್ಷಗಳ ಸಂಬಳ, ಔಷಧಿ, ಡೀಸೆಲ್, ದುರಸ್ತಿಗಳ ವೆಚ್ಚವನ್ನೂ ಬರೆಯಿರಿ. ದಾನಿಗಳು ಕಟ್ಟಿಕೊಟ್ಟ ಆರೋಗ್ಯ ಕೇಂದ್ರದಲ್ಲಿ ದಾದಿಯಿಲ್ಲದಿದ್ದರೆ, ಜನ ಅದನ್ನು ಸರ್ಕಾರದ ಸುಳ್ಳಿನ ಗುರುತಾಗಿ ನೋಡುತ್ತಾರೆ.

ಸ್ವಂತ ಆದಾಯದ ಮಾತು ಬಂದಾಗ ವಜ್ರಗಳ ಉದಾಹರಣೆ ಉಪಯುಕ್ತ. 1999ರಲ್ಲಿ ಸಿಯೆರಾ ಲಿಯೋನ್‌ನ ಅಧಿಕೃತ ವಜ್ರ ರಫ್ತು ಸುಮಾರು 12 ಲಕ್ಷ ಡಾಲರ್ ಮಾತ್ರ, ಉಳಿದುದೆಲ್ಲ ಕಳ್ಳಸಾಗಣೆ. ವಜ್ರ ಎಲ್ಲಿಂದ ಬಂತೆಂದು ದೃಢೀಕರಿಸುವ ಪ್ರಮಾಣಪತ್ರ ವ್ಯವಸ್ಥೆ ಬಂದು ಗಣಿ ಪ್ರದೇಶಗಳು ಸರ್ಕಾರದ ಹಿಡಿತಕ್ಕೆ ಮರಳಿದ ಮೇಲೆ, 2004ರಲ್ಲಿ ಅದು 12 ಕೋಟಿ ಡಾಲರ್ ದಾಟಿತು. ಶೇ 3ರ ರಫ್ತು ತೆರಿಗೆಯಲ್ಲಿ ನಾಲ್ಕನೇ ಒಂದು ಭಾಗವನ್ನು ಗಣಿಗಾರಿಕೆ ನಡೆಯುವ ಪ್ರದೇಶಗಳ ಸಮುದಾಯ ನಿಧಿಗೇ ಮರಳಿಸುವ ವ್ಯವಸ್ಥೆಯನ್ನೂ ಸರ್ಕಾರ ತಂದಿತು. ಮೊತ್ತ ಸಣ್ಣದು, ಚೀಫ್‌ಗಳ ಖರ್ಚಿನ ಬಗ್ಗೆ ದೂರುಗಳೂ ಬಂದವು. ಆದರೂ ತಮ್ಮ ನೆಲದ ಸಂಪತ್ತು ರಾಜಧಾನಿಗೆ ಮಾತ್ರ ಹರಿಯುತ್ತಿದೆಯೆಂಬ ಹಳೆಯ ಸಿಟ್ಟಿಗೆ ಅದು ನೇರವಾಗಿ ಉತ್ತರಿಸುವ ಪ್ರಯತ್ನವಾಗಿತ್ತು. ಹಳೆಯ ಬಿರುಕು ಮುಚ್ಚುತ್ತದೆಯೇ ಎಂದು ಆರಂಭದಲ್ಲಿ ಕೇಳಿದ ಎರಡನೇ ಪ್ರಶ್ನೆಯನ್ನು ಬಜೆಟ್ಟಿಗೆ ಅನ್ವಯಿಸುವುದೆಂದರೆ ಹೀಗೆ.

ಬಿಡುಗಡೆಯಾದ ಹಣ ಎಲ್ಲಿ ನಿಂತುಹೋಗುತ್ತದೆಂದು ಪತ್ತೆ ಮಾಡುವ ವೆಚ್ಚ ಜಾಡು ಸಮೀಕ್ಷೆಯನ್ನೂ ಮೊದಲ ವರ್ಷದಿಂದಲೇ ಇಟ್ಟುಕೊಳ್ಳಿ. ಉಗಾಂಡಾದಲ್ಲಿ 1991ರಿಂದ 1995ರ ನಡುವೆ ಪ್ರಾಥಮಿಕ ಶಾಲೆಗಳಿಗೆಂದು ಬಿಡುಗಡೆಯಾದ ತಲಾವಾರು ಅನುದಾನದಲ್ಲಿ ಸರಾಸರಿ ಶೇ 13 ಮಾತ್ರ ಶಾಲೆಗಳನ್ನು ಮುಟ್ಟಿತ್ತು. ಬಿಡುಗಡೆಯಾದ ಮೊತ್ತವನ್ನು ಪತ್ರಿಕೆಗಳಲ್ಲಿ, ಶಾಲೆಯ ಸೂಚನಾ ಫಲಕಗಳಲ್ಲಿ ಪ್ರಕಟಿಸತೊಡಗಿದ ನಂತರ ಆ ಪಾಲು ಗಣನೀಯವಾಗಿ ಏರಿತು. ಸಿಯೆರಾ ಲಿಯೋನ್ ಕೂಡ ಇಂಥ ಸಮೀಕ್ಷೆಗಳನ್ನು ಯುದ್ಧ ಮುಗಿಯುವ ಹೊತ್ತಿಗೇ ಆರಂಭಿಸಿತು, ಅದು ಮೆಚ್ಚತಕ್ಕದ್ದು.

ಹಂತ 7: ಬಂದೂಕು ಇಟ್ಟವರು ಮತ್ತು ಬಂದೂಕಿಗೆ ಬಲಿಯಾದವರು

ಈ ಹಂತವನ್ನು ಹೆಚ್ಚಿನ ಮಾರ್ಗಸೂಚಿಗಳು ಭದ್ರತೆಯ ಅಧ್ಯಾಯಕ್ಕೆ ತಳ್ಳಿಬಿಡುತ್ತವೆ. ಅದು ಬಡತನದ ಅಧ್ಯಾಯದಲ್ಲೇ ಇರಬೇಕೆಂದು ನಾನು ಒತ್ತಾಯಿಸುತ್ತೇನೆ. ಸಿಯೆರಾ ಲಿಯೋನ್‌ನಲ್ಲಿ 72,000ಕ್ಕೂ ಹೆಚ್ಚು ಹೋರಾಟಗಾರರು ಆಯುಧ ಒಪ್ಪಿಸಿದರು. ಅವರಿಗೆ ನಗದು, ತರಬೇತಿ, ಉಪಕರಣಗಳು ಬೇಗ ಸಿಕ್ಕವು, ಸಿಗಲೂಬೇಕಿತ್ತು. ಆದರೆ ಅದೇ ಹೋರಾಟಗಾರರು ಕೈ ಕತ್ತರಿಸಿದ ರೈತರಿಗೆ, ಅವರಿಂದ ಅತ್ಯಾಚಾರಕ್ಕೊಳಗಾದ ಹೆಂಗಸರಿಗೆ ಏನು ಸಿಕ್ಕಿತು? ಸರ್ಕಾರವೂ ಬಂಡುಕೋರರೂ ಮಾಡಿಕೊಂಡ 1999ರ ಲೋಮೆ ಶಾಂತಿ ಒಪ್ಪಂದದಲ್ಲೇ ಯುದ್ಧ ಸಂತ್ರಸ್ತರ ನಿಧಿಯ ಮಾತಿತ್ತು, ಸತ್ಯ ಆಯೋಗವೂ 2004ರಲ್ಲಿ ಪರಿಹಾರಕ್ಕೆ ಶಿಫಾರಸು ಮಾಡಿತ್ತು. ಪರಿಹಾರ ಕಾರ್ಯಕ್ರಮ ನಿಜವಾಗಿ ನಡೆಯತೊಡಗಿದ್ದು 2008ರ ನಂತರ, ಅದೂ ಬಹುಮಟ್ಟಿಗೆ ವಿಶ್ವಸಂಸ್ಥೆಯ ಶಾಂತಿ ನಿರ್ಮಾಣ ನಿಧಿಯ ಹಣದಿಂದ. ಎರಡೂ ಕೈ ಇಲ್ಲದ ರೈತನಿಗೆ ಆರೇಳು ವರ್ಷ ಕಾಯುವುದೆಂದರೆ ಮಕ್ಕಳನ್ನು ಭಿಕ್ಷೆಗೆ ಕಳಿಸುವುದು ಎಂದರ್ಥ.

ಆದ್ದರಿಂದ ಮಾಜಿ ಹೋರಾಟಗಾರರ ಪುನರ್ವಸತಿಗೆ ಬಜೆಟ್ ಇಡುವ ದಿನವೇ ಸಂತ್ರಸ್ತರ ಉಚಿತ ಚಿಕಿತ್ಸೆ, ಪಿಂಚಣಿ, ಮಕ್ಕಳ ಶಾಲಾ ಶುಲ್ಕಗಳಿಗೂ ಬಜೆಟ್ ಇಡಿ. ತರಬೇತಿ ಕೊಡುವಾಗ ಮಾರುಕಟ್ಟೆ ನೋಡಿ. ಒಂದೇ ಪೇಟೆಯಲ್ಲಿ ನೂರು ಬಡಗಿಗಳನ್ನು ತಯಾರಿಸಿದರೆ ತೊಂಬತ್ತು ಮಂದಿ ಉಪಕರಣ ಮಾರಿಕೊಳ್ಳುತ್ತಾರೆ. ರಸ್ತೆ, ಕಾಲುವೆ ಕೆಲಸಗಳನ್ನು ಊರಿಗೆ ಊರೇ ಸೇರಿ ಮಾಡುವಂತೆ ರೂಪಿಸಿದರೆ ಹೋರಾಟಗಾರ, ಸಂತ್ರಸ್ತ ಎಂಬ ಪಟ್ಟಿಯಿಲ್ಲದೆ ಇಬ್ಬರಿಗೂ ಕೂಲಿ ಸಿಗುತ್ತದೆ.

ಹಂತ 8: ಕೆಲಸವನ್ನು ಜಿಲ್ಲೆಗೆ ಇಳಿಸಿ, ಅಳೆಯಿರಿ, ತಿದ್ದಿ

ಸಿಯೆರಾ ಲಿಯೋನ್ 2004ರಲ್ಲಿ ಹೊಸ ಸ್ಥಳೀಯಾಡಳಿತ ಕಾಯ್ದೆ ತಂದು, 32 ವರ್ಷಗಳ ನಂತರ 19 ಮಂಡಳಿಗಳಿಗೆ ಚುನಾವಣೆ ನಡೆಸಿತು. ಪ್ರಾಥಮಿಕ ಆರೋಗ್ಯ, ಶಾಲೆ, ಕೃಷಿ ವಿಸ್ತರಣೆಗಳನ್ನು ಹಂತಹಂತವಾಗಿ ಅವುಗಳಿಗೆ ವಹಿಸಲಾಯಿತು. ಅಧಿಕಾರವನ್ನು ಕಳಿಸುವಾಗ ಜೊತೆಗೆ ಲೆಕ್ಕಿಗರನ್ನೂ ಎಂಜಿನಿಯರನ್ನೂ ಕಳಿಸಬೇಕು. ಚೀಫ್‌ಗಳ ಆಡಳಿತ ಪ್ರದೇಶಗಳಾದ, ಆಗ 149 ಇದ್ದ ಚೀಫ್‌ಡಮ್‌ಗಳ ಮುಖ್ಯಸ್ಥರಿಗೂ ಚುನಾಯಿತ ಮಂಡಳಿಗಳಿಗೂ ತೆರಿಗೆ ಹಂಚಿಕೆ ಹೇಗೆಂದು ಲಿಖಿತವಾಗಿ ಇತ್ಯರ್ಥ ಮಾಡಿಕೊಳ್ಳದಿದ್ದರೆ ಜಗಳ ತಪ್ಪಿದ್ದಲ್ಲ.

ಸುಧಾರಣೆಯನ್ನು ಒಂದೇ ಬಾರಿ ಘೋಷಿಸುವಾಗ ಅದರ ಹಿಂದಿನ ಸರಪಳಿಯನ್ನೂ ಸಿದ್ಧ ಮಾಡಿಕೊಳ್ಳಿ. 2010ರ ಏಪ್ರಿಲ್‌ನಲ್ಲಿ ಗರ್ಭಿಣಿಯರು, ಬಾಣಂತಿಯರು, ಐದು ವರ್ಷದೊಳಗಿನ ಮಕ್ಕಳಿಗೆ ಉಚಿತ ಚಿಕಿತ್ಸೆ ಆರಂಭವಾಗುವ ಮುನ್ನವೇ ಆರೋಗ್ಯ ಸಿಬ್ಬಂದಿ ಮುಷ್ಕರ ಹೂಡಿದರು: ಕೆಲಸ ಹೆಚ್ಚಾಗುತ್ತದೆ, ರೋಗಿಗಳಿಂದ ಬರುತ್ತಿದ್ದ ಹಣ ನಿಲ್ಲುತ್ತದೆ, ಸಂಬಳ ಮಾತ್ರ ಹಾಗೇ ಇದೆ. ಸರ್ಕಾರ ಸಂಬಳ ಏರಿಸಿ, ವೇತನಪಟ್ಟಿಯಲ್ಲಿದ್ದ ಅಸ್ತಿತ್ವವಿಲ್ಲದ ನೌಕರರ ಹೆಸರುಗಳನ್ನು ತೆಗೆದುಹಾಕಿ, ಔಷಧಿ ತರಿಸಿ, ಯೋಜನೆಯನ್ನು ಹೇಳಿದ ದಿನಕ್ಕೇ ಆರಂಭಿಸಿತು. ಆದರೂ ವ್ಯವಸ್ಥೆ ಎಷ್ಟು ತೆಳುವಾಗಿತ್ತೆಂಬುದನ್ನು 2014ರ ಎಬೋಲಾ ಬಯಲು ಮಾಡಿತು. ಆ ರೋಗ ಅಲ್ಲಿ ಮೊದಲು ಹಬ್ಬಿದ್ದೂ ಕೈಲಾಹುನ್ ಜಿಲ್ಲೆಯಿಂದಲೇ.

ಅಳತೆಗಳನ್ನು ಹೋಲಿಸುವಾಗ ವಿಧಾನ ಒಂದೇ ಆಗಿದೆಯೇ ನೋಡಿ. 2003ರ ಬಡತನವನ್ನು ಮೊದಲು ಶೇ 70 ಎಂದು ಲೆಕ್ಕ ಹಾಕಲಾಗಿತ್ತು. 2011ರ ಸಮೀಕ್ಷೆಯ ಜೊತೆ ಹೋಲಿಸಲು ಮರುಲೆಕ್ಕ ಮಾಡಿದಾಗ ಅದು ಶೇ 66.4 ಆಯಿತು, 2011ರದ್ದು ಶೇ 52.9. ಇಳಿಕೆ ನಿಜವೇ, ಆದರೆ 70ರಿಂದ 52.9 ಎಂದು ಭಾಷಣದಲ್ಲಿ ಹೇಳಿದರೆ ತಪ್ಪಾಗುತ್ತದೆ. ವಾರ್ಷಿಕ ಪರಾಮರ್ಶೆಯನ್ನು ಬಜೆಟ್ ಸುತ್ತೋಲೆ ಹೊರಡುವುದಕ್ಕೆ ಎರಡು ಮೂರು ತಿಂಗಳು ಮೊದಲೇ ಮುಗಿಸಿ, ಇಲ್ಲವಾದರೆ ಅದರ ತೀರ್ಮಾನಗಳು ಒಂದು ವರ್ಷ ತಡವಾಗಿ ಹಣ ಕಾಣುತ್ತವೆ.

ಕೊನೆಯದಾಗಿ, ಚುನಾವಣೆಯ ವರ್ಷಕ್ಕೆ ಮುಂಚಿತವಾಗಿ ಸಿದ್ಧರಾಗಿ. 2005ರ ಕಾರ್ಯತಂತ್ರದ ಅವಧಿ ಮುಗಿದದ್ದೂ, ಸಿಯೆರಾ ಲಿಯೋನ್‌ನಲ್ಲಿ ಚುನಾವಣೆ ನಡೆದು ವಿರೋಧ ಪಕ್ಷದ ಅರ್ನೆಸ್ಟ್ ಬಾಯ್ ಕೊರೋಮಾ ಅಧ್ಯಕ್ಷರಾದದ್ದೂ 2007ರಲ್ಲೇ. ಹೊಸ ಸರ್ಕಾರ ಹೊಸ ಹೆಸರಿನ ಪತ್ರ ಬರೆಯುವುದು ಸಹಜ, ಅದನ್ನು ತಡೆಯಲು ಹೋಗಬೇಡಿ. ಕರಡಿನ ಹಂತದಿಂದಲೇ ವಿರೋಧ ಪಕ್ಷದ ಸಂಸದರನ್ನು ಪರಾಮರ್ಶೆ ಸಮಿತಿಯಲ್ಲಿ ಕೂರಿಸಿ, ಸಮೀಕ್ಷೆಯ ಮೂಲ ದತ್ತಾಂಶ, ಜಿಲ್ಲಾವಾರು ಆದ್ಯತೆಗಳ ದಾಖಲೆ, ಅರ್ಧಕ್ಕೆ ನಿಂತ ಕಾಮಗಾರಿಗಳ ಪಟ್ಟಿ, ಸಂತ್ರಸ್ತರ ನೋಂದಣಿ ಪುಸ್ತಕಗಳನ್ನು ಸಚಿವರ ಕೊಠಡಿಯಿಂದ ಹೊರಗೆ, ಅಂಕಿಅಂಶ ಕಚೇರಿಯಲ್ಲಿಯೂ ಜಿಲ್ಲಾ ಮಂಡಳಿಗಳಲ್ಲಿಯೂ ಇರುವಂತೆ ನೋಡಿಕೊಳ್ಳಿ. ಆಗ ಕೈಲಾಹುನ್‌ನ ಹಳ್ಳಿಯೊಂದರಲ್ಲಿ ಒಮ್ಮೆ ಹೆಸರು ಬರೆಸಿದ ವಿಧವೆ, ಸರ್ಕಾರ ಬದಲಾಯಿತೆಂಬ ಕಾರಣಕ್ಕೆ ಮತ್ತೆ ಮೊದಲಿನಿಂದ ಹೆಸರು ಬರೆಸಲು ಸಾಲಿನಲ್ಲಿ ನಿಲ್ಲಬೇಕಾಗುವುದಿಲ್ಲ.